ಮೈನ್ ಕೂನ್ ಬೆಕ್ಕನ್ನು ಬೋಳಿಸಬೇಡಿ, ಬಾಚಿ

ಮಂಗಳೂರಿನ ಸೆಕೆಗೆ ನಿಮ್ಮ ಎರಡು ವರ್ಷದ ಮೈನ್ ಕೂನ್‌ನ (ಉದ್ದ ಕೂದಲಿನ ಬೆಕ್ಕಿನ ಜಾತಿ) ಕೂದಲು ಪೂರ್ತಿ ಬೋಳಿಸಬಹುದಾ, ಕಂಕುಳಲ್ಲಿ ಗಂಟು ಬೇರೆ ಕಟ್ಟಿದೆ ಅಂದಿರಿ. ಬೋಳಿಸೋದು ಬೇಡ. ಒಳಗಿನ ಸತ್ತ ಕೂದಲು ತೆಗೆದರೆ ಸಾಕು, ಗಾಳಿಯಾಡುತ್ತೆ. ಫ್ಯಾನು, ತಣ್ಣನೆ ನೆಲ, ಎರಡು ಮೂರು ಕಡೆ ನೀರು ಇರಲಿ.

ಗಂಟಿಗೆ ಕತ್ತರಿ ಮಾತ್ರ ಹಾಕಬೇಡಿ. ಬೆಕ್ಕಿನ ಚರ್ಮ ತೆಳು, ಗಂಟಿನ ಜೊತೆಗೇ ಎದ್ದು ಬರುತ್ತೆ. ನಾನು ಜಾಣತನ ತೋರಿಸಲು ಹೋಗಿ ನಮ್ಮ ಬೆಕ್ಕಿಗೆ ಎರಡು ಹೊಲಿಗೆ ಬಿತ್ತು! ಬುಡವನ್ನು ಬೆರಳಲ್ಲಿ ಹಿಡಿದು, ಚೂರು ಕಾರ್ನ್‌ಫ್ಲೋರ್ ಉದುರಿಸಿ, ತುದಿಯಿಂದ ಶುರುಮಾಡಿ ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆಯಲ್ಲಿ ಬಿಡಿಸಿ. ಸ್ನಾನ ಆಮೇಲೆ, ಒದ್ದೆಯಾದರೆ ಗಂಟು ಇನ್ನೂ ಬಿಗಿಯುತ್ತೆ. ಚರ್ಮಕ್ಕೇ ಅಂಟಿದ್ದರೆ ವೈದ್ಯರ ಹತ್ತಿರ ಕ್ಲಿಪ್ಪರ್‌ನಲ್ಲಿ ತೆಗೆಸಿ.

ವಾರಕ್ಕೆ ಎರಡು ಮೂರು ಸಲ ಬಾಚಿ. ಹೇಗೂ ಹಿಂದೆ ಹಿಂದೆಯೇ ಸುತ್ತುವ ಜಾತಿ, ತೊಡೆ ಮೇಲೆ ಬಿದ್ದುಕೊಂಡಾಗಲೇ ಐದು ನಿಮಿಷ ಮುಗಿಸಿ. ಹೊಟ್ಟೆ, ಕಿವಿ ಹಿಂಭಾಗ, ಹಿಂಗಾಲಿನ ಸಂದು ಮರೆಯಬೇಡಿ.

ಒಂದು ವಿಷಯ ಮಾತ್ರ ಸೆಕೆ ಅಂತ ತಳ್ಳಿಹಾಕಬೇಡಿ: ಸುಮ್ಮನೆ ಕೂತಾಗಲೂ ಬಾಯಿ ತೆರೆದು ಏದುಸಿರು ಬಿಡುವುದು. ಈ ಜಾತಿಗೆ ಹೃದಯದ ಗೋಡೆ ದಪ್ಪವಾಗುವ ಎಚ್‌ಸಿಎಂ ಕಾಯಿಲೆ ವಂಶಪಾರಂಪರ್ಯವಾಗಿ ಬರುವುದುಂಟು. ಹಾಗೆ ಕಂಡರೆ ತಕ್ಷಣ ವೈದ್ಯರಿಗೆ ತೋರಿಸಿ, ಎಕೋ (ಹೃದಯದ ಸ್ಕ್ಯಾನ್) ಬಗ್ಗೆ ಕೇಳಿ.