ತಾರಸಿಯಿಂದ ನೆಬ್ಯುಲಾ: ನೀನಾ ಮತ್ತು ಪಿಎಚ್‌ಡಿ2 ಸಾಕು

ಕೆನಾನ್ ಡಿಎಸ್‌ಎಲ್‌ಆರ್, ಎಚ್‌ಇಕ್ಯೂ5 ಮೌಂಟ್ (ನಕ್ಷತ್ರಗಳ ಜೊತೆ ತಿರುಗುವ ಸ್ಟ್ಯಾಂಡ್), ವಿಂಡೋಸ್ ಲ್ಯಾಪ್‌ಟಾಪ್ ಇದೆ, ಬೆಂಗಳೂರಿನ ತಾರಸಿಯಿಂದ ಓರಿಯನ್ ನೆಬ್ಯುಲಾದ (ಆಕಾಶದಲ್ಲಿನ ಅನಿಲ-ಧೂಳಿನ ಮೋಡ) ಫೋಟೋ ತೆಗೆಯಲು ಯಾವ ಸಾಫ್ಟ್‌ವೇರ್ ಅಂತ ಕೇಳಿದ್ದೀರಿ. ಸುಮ್ನೆ ದುಡ್ಡು ಹಾಕಬೇಡಿ. ಫೋಟೋಗೆ ನೀನಾ; ಗೈಡಿಂಗ್‌ಗೆ, ಅಂದರೆ ಮೌಂಟ್ ನಕ್ಷತ್ರವನ್ನು ತಪ್ಪದೆ ಹಿಂಬಾಲಿಸುವಂತೆ ತಿದ್ದುತ್ತಿರಲು, ಪಿಎಚ್‌ಡಿ2. ಎರಡೂ ಉಚಿತ. ನೀನಾ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ನಿಮಗದು ತೊಂದರೆಯಲ್ಲ.

ನೀನಾ ಹಿಡಿಯಲು ದೊಡ್ಡ ಕಾರಣ ಪೋಲಾರ್ ಅಲೈನ್‌ಮೆಂಟ್, ಅಂದರೆ ಮೌಂಟ್‌ನ ಅಕ್ಷವನ್ನು ಆಕಾಶದ ಧ್ರುವಕ್ಕೆ ಸರಿಯಾಗಿ ಗುರಿಯಿಡುವುದು. ಬೆಂಗಳೂರಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 13 ಡಿಗ್ರಿ ಮೇಲಿರುತ್ತದೆ, ಅಷ್ಟೇ. ಪಕ್ಕದ ಮನೆಯ ನೀರಿನ ಟ್ಯಾಂಕ್ ಅಡ್ಡ ಬಂದರೆ ಮುಗಿಯಿತು. ನೀನಾದ ಥ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್ ಪ್ಲಗಿನ್‌ಗೆ ಧ್ರುವ ಕಾಣಲೇಬೇಕು ಅಂತಿಲ್ಲ. ಆಕಾಶದ ಬೇರೆ ಕಡೆ ಮೂರು ಫೋಟೋ ತೆಗೆದು, ಪ್ಲೇಟ್ ಸಾಲ್ವ್ ಮಾಡಿ (ಫೋಟೋದ ನಕ್ಷತ್ರ ನೋಡಿ ಅದು ಆಕಾಶದ ಯಾವ ಭಾಗ ಅಂತ ಗುರುತಿಸಿ), ಮೌಂಟ್ ಯಾವ ಕಡೆ ಎಷ್ಟು ತಪ್ಪಿದೆ ಅಂತ ತೋರಿಸುತ್ತದೆ. ನೀವು ತಿರುಪು ತಿರುಗಿಸುತ್ತಾ ಹೋದಂತೆ ಆ ಅಂಕಿ ಇಳಿಯುತ್ತದೆ. ಆಸ್ಟ್ಯಾಪ್ ಅನ್ನೋ ಸಾಫ್ಟ್‌ವೇರ್ ಮರೆಯದೆ ಹಾಕಿಕೊಳ್ಳಿ, ಸಾಲ್ವ್ ಮಾಡೋದು ಅದೇ.

ಪಿಎಚ್‌ಡಿ2 ಕ್ಯಾಲಿಬ್ರೇಶನ್ ಅನ್ನು (ತಾನು ಹೇಳಿದಾಗ ಮೌಂಟ್ ಎಷ್ಟು ಅಲುಗುತ್ತದೆ ಅಂತ ಅದು ಅಳೆಯೋದು) ಓರಿಯನ್ ಬೆಲ್ಟ್ (ಸಾಲಾಗಿ ಕಾಣುವ ಮೂರು ನಕ್ಷತ್ರ) ನೆತ್ತಿಯ ಹತ್ತಿರ ಇರುವಾಗ, ಅಲ್ಲೇ ಮಾಡಿ. ಬೆಲ್ಟ್ ಖಗೋಳ ಸಮಭಾಜಕದ (ಭೂಮಿಯ ಸಮಭಾಜಕದ ನೇರ ಮೇಲೆ ಆಕಾಶದಲ್ಲಿ ಎಳೆದ ಗೆರೆ) ಪಕ್ಕದಲ್ಲೇ ಇದೆ, ಫಲಿತಾಂಶ ಚೆನ್ನಾಗಿ ಬರುತ್ತದೆ. ಪಿಎಚ್‌ಡಿ2ರ ಟೂಲ್ಸ್ ಮೆನುವಿನಲ್ಲಿ ‘ಎನೇಬಲ್ ಸರ್ವರ್’ ಟಿಕ್ ಮಾಡಿದರೆ ನೀನಾ ಅದಕ್ಕೆ ಡಿದರಿಂಗ್ ಮಾಡಲು, ಅಂದರೆ ಫೋಟೋಗಳ ನಡುವೆ ಮೌಂಟನ್ನು ಚೂರು ಸರಿಸಲು, ಹೇಳಬಲ್ಲದು. ಡಿಎಸ್‌ಎಲ್‌ಆರ್‌ಗೆ ಡಿದರಿಂಗ್ ಬೇಕೇ ಬೇಕು. ಇಲ್ಲದಿದ್ದರೆ ಫೋಟೋಗಳನ್ನು ಸ್ಟ್ಯಾಕ್ ಮಾಡಿದಾಗ (ಒಂದರ ಮೇಲೊಂದು ಸೇರಿಸಿದಾಗ) ನಾಯ್ಸ್ ಗೆರೆಗೆರೆಯಾಗಿ ಉಳಿಯುತ್ತದೆ.