ಅಪ್ಪ-ಅಮ್ಮನ 40ನೇ ವೆಡ್ಡಿಂಗ್ ಆನಿವರ್ಸರಿಗೆ ಬೆಂಗಳೂರಲ್ಲಿ ಊಟಕ್ಕೆ ಎಲ್ಲಿಗೆ ಕರ್ಕೊಂಡು ಹೋಗ್ಲಿ?

ನೀವು ಬರ್ದಿರೋದು ಓದಿದೆ. ಅಪ್ಪಂಗೆ 68, ಅಮ್ಮಂಗೆ 63, ಹೊರಗಡೆ ಊಟ ಅಂದ್ರೆ "ಮನೇಲೇ ಪಾಯಸ ಮಾಡಿದ್ರೆ ಆಯ್ತಲ್ಲ" ಅಂತಾರೆ, ಭಾವಂಗೆ ನಾನ್‌ವೆಜ್ ಬೇಕೇ ಬೇಕು, ಒಟ್ಟು ಎಂಟು ಜನ, ಬಜೆಟ್ ಹತ್ತು ಸಾವಿರದೊಳಗೆ, ರೂಫ್‌ಟಾಪ್ ಥರ ಏನಾದ್ರೂ ಸ್ಪೆಷಲ್ ಆಗಿರೋ ಜಾಗ ಹೇಳಿ, ರಾತ್ರಿ ಊಟಕ್ಕೆ. ಸರಿ. ನನ್ನ ಉತ್ತರ ನಿಮ್ಗೆ ಹಿಡಿಸುತ್ತೋ ಇಲ್ವೋ ಗೊತ್ತಿಲ್ಲ, ಆದ್ರೆ ಮೊದ್ಲು ರೂಫ್‌ಟಾಪ್ ಬಿಡಿ, ಆಮೇಲೆ ರಾತ್ರಿ ಬಿಡಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

2014ರಲ್ಲಿ ನಮ್ಮಪ್ಪಂಗೆ 60 ತುಂಬ್ತು. ಬೆಳಿಗ್ಗೆ ಮನೇಲಿ ಶಾಂತಿ, ಹೋಮ ಎಲ್ಲಾ ಆಯ್ತು, ಸಂಜೆ ನಾನು ಹೊಸದಾಗಿ ಸಂಬಳ ಜಾಸ್ತಿ ಆಗಿದ್ದ ಹುಮ್ಮಸ್ಸಲ್ಲಿ ಇಂದಿರಾನಗರದ ಒಂದು ರೂಫ್‌ಟಾಪ್ ರೆಸ್ಟೋರೆಂಟಲ್ಲಿ ಟೇಬಲ್ ಬುಕ್ ಮಾಡಿದ್ದೆ. ರಾಜಾಜಿನಗರದಿಂದ ಹೊರಟು ಟ್ರಾಫಿಕ್ಕಲ್ಲಿ ಒಂದೂವರೆ ಗಂಟೆ, ಅಪ್ಪ ಎಂಟಕ್ಕೆ ತಗೋಬೇಕಾದ ಶುಗರ್ ಮಾತ್ರೆನ ಜೇಬಲ್ಲಿ ಇಟ್ಕೊಂಡು ಊಟ ಬರೋದು ಯಾವಾಗ ಅಂತ ಕಾಯ್ತಾ ಕೂತಿದ್ರು. ಮ್ಯೂಸಿಕ್ ಎಷ್ಟು ಜೋರು ಅಂದ್ರೆ ಪಕ್ಕದಲ್ಲಿದ್ದ ಅಮ್ಮ ಹೇಳಿದ್ದು ನಂಗೆ ಕೇಳ್ತಿರ್ಲಿಲ್ಲ. ಲೈಟ್ ಎಷ್ಟು ಕಮ್ಮಿ ಅಂದ್ರೆ ಅಪ್ಪ ಮೆನು ಓದೋಕೆ ನನ್ನ ಫೋನಿನ ಟಾರ್ಚ್ ಹಾಕ್ಕೊಂಡ್ರು. ಅವ್ರು ಮೆನು ಓದೋದು ನೀವು ನೋಡ್ಬೇಕಿತ್ತು, ಬಲಗಡೆಯಿಂದ ಎಡಗಡೆಗೆ. ಮೊದ್ಲು ರೇಟು, ಆಮೇಲೆ ಹೆಸ್ರು. ಬೆರಳು ರೇಟಿನ ಸಾಲಲ್ಲಿ ಕೆಳಗಡೆ ಇಳ್ಕೊಂಡು ಹೋಗ್ತಾ ಇದೆ, ಎಲ್ಲಿ ಸಂಖ್ಯೆ ಸಣ್ಣದಾಗಿದ್ಯೋ ಅಲ್ಲಿ ನಿಂತ್ಕೊಂಡು, ಆಮೇಲೆ ನಿಧಾನಕ್ಕೆ ಎಡಕ್ಕೆ ಸರಿದು ಅದೇನು ಅಂತ ನೋಡೋದು. ಕೊನೆಗೆ ಅವ್ರಿಗೆ ಸಿಕ್ಕಿದ್ದು ಮೊಸರನ್ನ. ಅರವತ್ತರ ಹುಟ್ಟುಹಬ್ಬಕ್ಕೆ ಅವ್ರು ಮೊಸರನ್ನ ಆರ್ಡರ್ ಮಾಡಿದ್ರು, ಅದೂ 240 ರೂಪಾಯಿದು, ಬಂದ ಮೇಲೆ "ಇದಕ್ಕೆ ದಾಳಿಂಬೆ ಯಾಕೋ ಹಾಕಿದ್ದಾರೆ" ಅಂದ್ರು. ಅಮ್ಮ "ನಂಗೇನೂ ಬೇಡಪ್ಪ, ಇವ್ರದ್ರಲ್ಲೇ ಎರಡು ತುತ್ತು ತಿಂತೀನಿ" ಅಂದ್ಬಿಟ್ರು. ಅಷ್ಟರಲ್ಲಿ ನಾಲ್ಕು ಜನ ಹುಡುಗ್ರು ಕೇಕ್ ತಂದು ಚಪ್ಪಾಳೆ ತಟ್ಕೊಂಡು ಬರ್ತ್‌ಡೇ ಹಾಡು ಶುರು ಮಾಡಿದ್ರು, ಅಪ್ಪ ಕಕ್ಕಾಬಿಕ್ಕಿ, ಅಮ್ಮ ನನ್ನ ಕಿವೀಲಿ "ಇವತ್ತೇ ಹೋಮ ಮಾಡಿ ದೀಪ ಹಚ್ಚಿದೀವಿ, ಊದಿ ಆರಿಸ್ಬೇಡಿ ಅಂತ ಹೇಳೋ" ಅಂತ. ನನ್ನ ಮಗಳು ಊದಿದ್ಳು ಬಿಡಿ.

ಬಿಲ್ಲಲ್ಲಿ ಟ್ಯಾಕ್ಸ್ ಜೊತೆ ಸರ್ವೀಸ್ ಚಾರ್ಜ್ ಅಂತ 10 ಪರ್ಸೆಂಟ್ ಬೇರೆ. ಅಪ್ಪ ಅದನ್ನ ನೋಡಿ ಒಂದು ಮಾತೂ ಆಡ್ಲಿಲ್ಲ. ಕಾರಲ್ಲಿ ಬರೋವಾಗ ಮೇಖ್ರಿ ಸರ್ಕಲ್ ಹತ್ರ ಬಂದ್ಮೇಲೆ "ನಾನು ಎಚ್‌ಎಂಟಿ ಸೇರ್ದಾಗ ಇಷ್ಟು ದುಡ್ಡಿಗೆ ಒಂದು ವರ್ಷಕ್ಕೂ ಮೇಲೆ ದುಡೀಬೇಕಿತ್ತು ಕಣೋ" ಅಂದ್ರು. ಅಷ್ಟೇ. ಮನೆಗೆ ಬಂದು ಅಮ್ಮ ಅವಲಕ್ಕಿ ಕಲ್ಸಿ ಕೊಟ್ರು, ಇಬ್ರೂ ತಿಂದು ಮಲ್ಗಿದ್ರು.

ನನ್ನ ತಪ್ಪು ಏನು ಅಂತ ತುಂಬಾ ದಿನ ಆದ್ಮೇಲೆ ಹೊಳೀತು. ರುಚಿ ಅಲ್ಲ, ದೂರ ಅಲ್ಲ, ಮೆನು ಕಾರ್ಡು. ಅವ್ರ ಕೈಗೆ ರೇಟ್ ಇರೋ ಕಾರ್ಡ್ ಕೊಟ್ರೆ ಅವ್ರು ಊಟ ಮಾಡಲ್ಲ, ಲೆಕ್ಕ ಮಾಡ್ತಾರೆ. ಮಗನ ದುಡ್ಡು ಉಳಿಸೋದೇ ಅವತ್ತಿನ ಕೆಲ್ಸ ಆಗೋಗುತ್ತೆ. ಬುಫೆ ಆದ್ರೆ ಈ ತೊಂದ್ರೆ ಇರಲ್ವಲ್ಲ ಅಂತೀರೇನೋ, ಅದನ್ನೂ ಮಾಡಿ ನೋಡಿದೀನಿ. ಬುಫೆಲಿ ಉಲ್ಟಾ ಆಗುತ್ತೆ, ತಲೆಗೆ ಇಷ್ಟು ಅಂತ ಗೊತ್ತಾದ ತಕ್ಷಣ ಅಪ್ಪ ವಸೂಲಿಗೆ ಇಳೀತಾರೆ, ಅಮ್ಮ ಮಂಡಿ ನೋವಲ್ಲಿ ತಟ್ಟೆ ಹಿಡ್ಕೊಂಡು ಕ್ಯೂನಲ್ಲಿ, ಮಾರನೇ ದಿನ ಇಬ್ರಿಗೂ ಹೊಟ್ಟೆ ಸರಿ ಇರಲ್ಲ.

ಅದಕ್ಕೇ ಹೇಳೋದು, ಮೆನು ಕಾರ್ಡ್ ಅವ್ರ ಕೈಗೆ ಬರ್ದಿರೋ ಜಾಗಕ್ಕೆ, ಕೂರ್ಸಿ ಬಡಿಸೋ ಜಾಗಕ್ಕೆ, ಮಧ್ಯಾಹ್ನ ಕರ್ಕೊಂಡು ಹೋಗಿ.

ನಮ್ಮಪ್ಪ ಅಮ್ಮಂದೂ 40ನೇದು 2024ರಲ್ಲಿ ಬಂತು. ಈ ಸಲ ನಾನು ಏನೂ ಜಾಣತನ ಮಾಡ್ಲಿಲ್ಲ, ಲಾಲ್‌ಬಾಗ್ ರೋಡಿನ ಎಂಟಿಆರ್‌ಗೆ ಭಾನುವಾರ ಮಧ್ಯಾಹ್ನದ ಊಟಕ್ಕೆ ಹೋದ್ವಿ. ಅಪ್ಪ 1974ರಲ್ಲಿ ಮೊದಲ್ನೇ ಸಂಬಳ ಬಂದ ದಿನ ಜಾಲಹಳ್ಳಿಯಿಂದ ಬಸ್ ಹತ್ಕೊಂಡು ಹೋಗಿ ತಿಂಡಿ ತಿಂದಿದ್ದು ಅಲ್ಲೇ ಅಂತೆ, ಮದುವೆ ಆದ್ಮೇಲೂ ಅಮ್ಮನ್ನ ಕರ್ಕೊಂಡು ಹೋಗಿರ್ಲಿಲ್ಲವಂತೆ, ಅದು ನಂಗೆ ಗೊತ್ತಾಗಿದ್ದೇ ಅವತ್ತು. ಹೆಸ್ರು ಬರೆಸಿ ಮುಕ್ಕಾಲು ಗಂಟೆ ಕಾಯ್ಬೇಕಾಯ್ತು, ನಂಗೆ ಕಿರಿಕಿರಿ, ಅಪ್ಪಂಗೆ ಖುಷಿ, ಯಾಕಂದ್ರೆ ನನ್ನ ಮಗಳಿಗೆ ಕಥೆ ಹೇಳೋಕೆ ಟೈಮ್ ಸಿಕ್ತು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗ್ದೇ ಇದ್ದಾಗ ರವೆಲಿ ಇಡ್ಲಿ ಮಾಡಿ ನೋಡಿದ್ದು ಇವ್ರೇ ಅಂತ. ಎಮರ್ಜೆನ್ಸಿ ಟೈಮಲ್ಲಿ ಸರ್ಕಾರ ಹೋಟ್ಲು ರೇಟ್ ಇಳಿಸಿ ಅಂದಾಗ ಕ್ವಾಲಿಟಿ ಇಳಿಸಲ್ಲ ಅಂತ ಹಠ ಹಿಡಿದು, ಲಾಸ್ ಎಷ್ಟಾಯ್ತು ಅಂತ ಹೊರಗಡೆ ಬೋರ್ಡ್ ಹಾಕ್ತಿದ್ರು ಅಂತ, ಕೊನೆಗೆ ಹೋಟ್ಲೇ ಮುಚ್ಚಿ ಪುಡಿ, ಮಿಕ್ಸು ಮಾರೋಕೆ ಶುರು ಮಾಡಿ ಎಷ್ಟೋ ವರ್ಷದ ಮೇಲೆ ಮತ್ತೆ ಬಾಗಿಲು ತೆಗೆದ್ರು ಅಂತ. ರೇಟಿನ ವಿಷ್ಯದಲ್ಲಿ ನಮ್ಮಪ್ಪಂಗೆ ಯಾವ ಹೋಟ್ಲಿನ ಮೇಲಾದ್ರೂ ಗೌರವ ಇದ್ರೆ ಅದು ಈ ಬೋರ್ಡಿನಿಂದಾನೇ. 1924ರಲ್ಲಿ ಶುರುವಾಗಿದ್ದು ಅಂತ ಗೊತ್ತಾಗಿ ಅಮ್ಮಂಗೆ "ನಮ್ದು 40, ಇವ್ರದ್ದು 100 ಕಣೇ" ಅಂದ್ರು.

ಒಳಗೆ ಕೂತ್ಮೇಲೆ ಯಾರೂ ಏನು ಬೇಕು ಅಂತ ಕೇಳ್ಲಿಲ್ಲ. ಬೆಳ್ಳಿ ಲೋಟದಲ್ಲಿ ದ್ರಾಕ್ಷಿ ಜ್ಯೂಸ್ ಬಂತು, ಆಮೇಲೆ ಕೋಸಂಬರಿ, ಪಲ್ಯ, ಬಿಸಿಬೇಳೆ ಬಾತ್, ಅನ್ನ ಸಾರು, ಒಂದಾದ್ಮೇಲೊಂದು ಬರ್ತಾನೇ ಇತ್ತು. ಅಪ್ಪ ಲೆಕ್ಕ ಹಾಕೋಕೆ ಒಂದು ಸಂಖ್ಯೆನೂ ಕಣ್ಣಿಗೆ ಬೀಳ್ಲಿಲ್ಲ, ಹಾಗಾಗಿ ತಿಂದ್ರು. ನಾನು ಅಮ್ಮನ್ನೇ ನೋಡ್ತಿದ್ದೆ. ಸಪ್ಲೈಯರ್ ಪಲ್ಯದ ಪಾತ್ರೆ ತಂದ ಕೂಡ್ಲೇ ಅವ್ರ ಕೈ ತಾನಾಗೇ ಸೌಟಿನ ಕಡೆ ಹೋಯ್ತು, ಮೊಮ್ಮಗಳಿಗೆ ಬಡಿಸೋಕೆ. ಅವ್ನು "ಅಮ್ಮಾ, ನೀವು ಕೂತ್ಕೊಳಿ, ನಾನು ಹಾಕ್ತೀನಿ" ಅಂದ. ಅಮ್ಮ ಕೈ ವಾಪಸ್ ಎಳ್ಕೊಂಡು ಮಡಿಲಲ್ಲಿ ಇಟ್ಕೊಂಡ್ರು. ಸಾರು ಬಂದಾಗ್ಲೂ ಹಂಗೇ ಆಯ್ತು, ಕೈ ಮೇಲೆದ್ದು ಅರ್ಧಕ್ಕೆ ನಿಂತು ಇಳೀತು. ನಾಲ್ಕನೇದೋ ಐದನೇದೋ ಐಟಂ ಹೊತ್ತಿಗೆ ಅಭ್ಯಾಸ ಆಯ್ತು, ತುಪ್ಪ ಬಂದಾಗ "ಇನ್ನೊಂಚೂರು" ಅಂದ್ರು. ನಮ್ಮನೇಲಿ ಅಮ್ಮ "ಇನ್ನೊಂಚೂರು ಹಾಕ್ಲಾ" ಅಂತ ಕೇಳಿದ್ದು ಸಾವಿರ ಸಲ ಕೇಳಿದೀನಿ, ತನಗೆ ಕೇಳ್ಕೊಂಡಿದ್ದು ಅದೇ ಮೊದ್ಲು. ಭಾನುವಾರ ಆಗಿದ್ರಿಂದ ಚಂದ್ರಹಾರನೂ ಇತ್ತು, ಗರಿಗರಿ ಪದರದ ಮೇಲೆ ಖೋವಾದ ಸಿಹಿ ರಸ ಹಾಕಿರ್ತಾರೆ, ಅಪ್ಪ ಶುಗರ್ ಇಟ್ಕೊಂಡು ಅರ್ಧ ತಿಂದ್ರು, ಅಮ್ಮ ನೋಡಿದ್ರೂ ನೋಡ್ದಂಗೆ ಇದ್ರು.

ಎಂಟಿಆರೇ ಆಗ್ಬೇಕು ಅಂತಿಲ್ಲ. ನಿಮ್ಮ ಮನೆ ಕಡೆಯವ್ರು ಉತ್ತರ ಕರ್ನಾಟಕದವ್ರಾದ್ರೆ ಬಸವನಗುಡಿ ಬ್ಯೂಗಲ್ ರಾಕ್ ಹತ್ರ ಇರೋ ಕಾಮತ್‌ನಲ್ಲಿ ಜೋಳದ ರೊಟ್ಟಿ ಊಟ ಇದೆ, ಎಣ್ಣೆಗಾಯಿ, ಜುಣಕ, ಶೇಂಗಾ ಚಟ್ನಿ ಜೊತೆಗೆ. ಊಟ ಆದ್ಮೇಲೆ ಪಕ್ಕದ ಪಾರ್ಕಲ್ಲೇ ಅವ್ರನ್ನ ಒಂದರ್ಧ ಗಂಟೆ ಕೂರ್ಸಬಹುದು, ದೊಡ್ಡ ಬಸವಣ್ಣಂಗೆ ಕೈ ಮುಗ್ದು ಬರಬಹುದು, ದೇವಸ್ಥಾನ ಸೇರ್ಸಿದ್ರೆ ಅಮ್ಮಂದಿರು ಹೊರಗಡೆ ಊಟಕ್ಕೆ ಬೇಗ ಒಪ್ಕೋತಾರೆ, ಇದು ಅನುಭವದ ಮಾತು. ಇಬ್ರೂ ಊಟಕ್ಕಿಂತ ತಿಂಡಿ ಪ್ರಿಯರಾದ್ರೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ, 1943ರದ್ದು, ಸಪ್ಲೈಯರ್ ತೋಳಿನುದ್ದಕ್ಕೂ ದೋಸೆ ತಟ್ಟೆ ಜೋಡಿಸ್ಕೊಂಡು ಬರೋದನ್ನ ಮಕ್ಕಳಿಗೆ ತೋರಿಸ್ಬೇಕು. ಆದ್ರೆ ಎಂಟು ಜನಕ್ಕೆ ಒಟ್ಟಿಗೆ ಜಾಗ ಸಿಗೋದು ಕಷ್ಟ, ಕಾಯ್ತಿರೋ ಜನ ನಿಮ್ಮ ಬೆನ್ನನ್ನೇ ನೋಡ್ತಿರ್ತಾರೆ, ಆರಾಮಾಗಿ ಹರಟೆ ಹೊಡ್ಯೋಕಾಗಲ್ಲ. ಹರಟೆನೇ ಮುಖ್ಯ ಅಂದ್ರೆ ಸೇಂಟ್ ಮಾರ್ಕ್ಸ್ ರೋಡಿನ ಕೋಶೀಸ್ ನೋಡಿ, ಹಳೇ ಹೋಟ್ಲು, ಅಲ್ಲಿ ವೆಜ್ಜೂ ನಾನ್‌ವೆಜ್ಜೂ ಎರಡೂ ಸಿಗುತ್ತೆ. ಆದ್ರೆ ನಿಮ್ಮಮ್ಮ ಒಂದೇ ಟೇಬಲ್ ಮೇಲೆ ಮೀನು ಇದ್ರೆ ಸುಮ್ನಿರೋರಾ ಅಂತ ನಿಮ್ಗೇ ಗೊತ್ತಿರ್ಬೇಕು. ಮೆನು ಕಾರ್ಡ್ ಮಾತ್ರ ಇದೆ, ಅದನ್ನ ನೀವೇ ಇಟ್ಕೊಳಿ, "ಅಪ್ಪಾ, ಫಿಶ್ ಫ್ರೈ ಹೇಳಿದೀನಿ" ಅಂತ ಹೇಳ್ಬಿಡಿ, ಕೇಳ್ಬೇಡಿ.

ಭಾವನ ವಿಷ್ಯ. ಭಾವಂಗೋಸ್ಕರ ಇಡೀ ಪ್ಲಾನ್ ಬಗ್ಗಿಸ್ಬೇಡಿ, ಮದುವೆ ದಿನ ಅವ್ರದ್ದಲ್ಲ. ಅದೇ ದಿನ ಬೆಳಿಗ್ಗೆ ನೀವಿಬ್ರೇ ಜಯನಗರದ ಶಿವಾಜಿ ಮಿಲ್ಟ್ರಿ ಹೋಟ್ಲಿಗೆ ಹೋಗಿ ದೊನ್ನೆ ಬಿರಿಯಾನಿ ಹೊಡ್ಕೊಂಡು ಬನ್ನಿ, 1935ರಿಂದ ಮಾಡ್ತಿದ್ದಾರೆ, ಕ್ಯೂ ಇರುತ್ತೆ, ನಿಂತ್ಕೊಳಿ. ಮಧ್ಯಾಹ್ನ ಕೋಸಂಬರಿ ಮುಂದೆ ಕೂತಾಗ ಅವ್ರ ಮುಖದಲ್ಲಿ ಯಾವ ಬೇಜಾರೂ ಇರಲ್ಲ, ನಮ್ಮ ಭಾವನ ಮೇಲೆ ಎರಡು ಸಲ ಪ್ರಯೋಗ ಮಾಡಿದೀನಿ.

ದುಡ್ಡಿನ ವಿಷ್ಯ ಬೇಗ ಹೇಳ್ಬಿಡ್ತೀನಿ. ಸಾಮಾನ್ಯ ಹೋಟ್ಲಲ್ಲಿ ಊಟದ ಬಿಲ್ ಮೇಲೆ ಜಿಎಸ್‌ಟಿ 5 ಪರ್ಸೆಂಟ್. ರೂಮಿನ ಬಾಡಿಗೆ ದಿನಕ್ಕೆ 7500 ದಾಟೋ ದೊಡ್ಡ ಹೋಟೆಲ್ ಒಳಗಿರೋ ರೆಸ್ಟೋರೆಂಟ್ ಆದ್ರೆ 18 ಪರ್ಸೆಂಟ್, ಹತ್ತು ಸಾವಿರದ ಬಜೆಟಲ್ಲಿ ಅದು ದೊಡ್ಡ ತೂತು. ಸರ್ವೀಸ್ ಚಾರ್ಜ್ ಅನ್ನೋದು ಟ್ಯಾಕ್ಸೇ ಅಲ್ಲ, ಅದನ್ನ ತಾನಾಗೇ ಬಿಲ್‌ಗೆ ಸೇರಿಸೋ ಹಂಗಿಲ್ಲ ಅಂತ 2022ರ ಜುಲೈಲಿ ಗ್ರಾಹಕರ ರಕ್ಷಣಾ ಪ್ರಾಧಿಕಾರ ಹೇಳ್ತು, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟ್ ಅದನ್ನ ಎತ್ತಿ ಹಿಡೀತು. ಹಾಕಿದ್ರೆ ತೆಗೀರಿ ಅನ್ನಿ, ತೆಗೀದಿದ್ರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಆದ್ರೆ ಈ ಜಗಳ ಅಪ್ಪ ಅಮ್ಮನ ಮುಂದೆ ಬೇಡ್ವೇ ಬೇಡ, ಟೇಬಲ್ ಬುಕ್ ಮಾಡೋವಾಗ್ಲೇ ಕೇಳ್ಕೊಳಿ. ಬಿಲ್ಲನ್ನೂ ಅಷ್ಟೇ, ಟೇಬಲ್‌ಗೆ ಬರೋಕೆ ಬಿಡ್ಬೇಡಿ. ಮೊಸರನ್ನ ಬರೋ ಹೊತ್ತಿಗೆ ಕೈ ತೊಳ್ಕೊಂಡು ಬರ್ತೀನಿ ಅಂತ ಎದ್ದು ಹೋಗಿ ಕೌಂಟರಲ್ಲಿ ಕೊಟ್ಟು ಬಂದ್ಬಿಡಿ. ನಮ್ಮಪ್ಪ ಇವತ್ತಿಗೂ "ಅವತ್ತು ಎಷ್ಟಾಯ್ತೋ" ಅಂತ ಕೇಳ್ತಾನೇ ಇರ್ತಾರೆ, ನಾನು ಪ್ರತಿ ಸಲ ಬೇರೆ ಬೇರೆ ಸಂಖ್ಯೆ ಹೇಳ್ತೀನಿ.

ಕೇಕ್ ಮಾಡಿಸ್ಲೇಬೇಕು ಅಂತ ಮಕ್ಕಳು ಹಠ ಮಾಡಿದ್ರೆ ಮನೇಲಿ ಸಂಜೆ ಕಟ್ ಮಾಡಿ, ಇಂಥ ಹೋಟ್ಲುಗಳಲ್ಲಿ ಅದಕ್ಕೆ ಜಾಗನೂ ಇಲ್ಲ ಪುರುಸೊತ್ತೂ ಇಲ್ಲ. ಹಾರ ಆದ್ರೂ ಇರ್ಲಿ ಅನ್ಸಿದ್ರೆ ಗಾಂಧಿ ಬಜಾರಲ್ಲಿ ಮಲ್ಲಿಗೆ ತಗೊಳಿ, ಹಾರ ಅಲ್ಲ, ಮೊಳ ಲೆಕ್ಕದಲ್ಲಿ, ಅಮ್ಮ ಮುಡ್ಕೋತಾರೆ. ಮಂಡಿ ನೋವಿದ್ರೆ ಮೆಟ್ಲು ಎಷ್ಟಿದೆ ಅಂತ ಮೊದ್ಲೇ ಫೋನ್ ಮಾಡಿ ಕೇಳಿ, ಮೆಟ್ರೋದಲ್ಲೇ ಹೋಗ್ತೀರಾದ್ರೆ ಎಂಟಿಆರ್‌ಗೆ ಲಾಲ್‌ಬಾಗ್ ಸ್ಟೇಷನ್, ಗಾಂಧಿ ಬಜಾರಿಗೆ ನ್ಯಾಷನಲ್ ಕಾಲೇಜ್, ಎರಡೂ ಗ್ರೀನ್ ಲೈನೇ, ಇಳಿದ ಮೇಲೆ ಆಟೋ ಹಿಡೀರಿ, ವಯಸ್ಸಾದವ್ರನ್ನ ಬಿಸಿಲಲ್ಲಿ ನಡೆಸ್ಬೇಡಿ.

ಇನ್ನೊಂದು. ನಿಮ್ಮ ತಾರೀಕು ಯಾವ ವಾರ ಬೀಳುತ್ತೆ ಅಂತ ಬರ್ದಿಲ್ಲ ನೀವು. ಸೋಮವಾರ ಬಿದ್ರೆ ಎಂಟಿಆರ್ ರಜಾ, ಶುಕ್ರವಾರ ಬಿದ್ರೆ ವಿದ್ಯಾರ್ಥಿ ಭವನ ರಜಾ. ನಾವು ನಿಜವಾದ ತಾರೀಕು ಬಿಟ್ಟು ಮುಂದಿನ ಭಾನುವಾರಕ್ಕೆ ಹಾಕ್ಕೊಂಡಿದ್ವಿ, ಮದುವೆ ದಿನ ಮನೇಲಿ ಪಾಯಸ ಆಯ್ತು, ಅಮ್ಮನ ಮಾತೂ ನಡೀತು.