ಕೆಚ್ಚಲು ಬಾವು: ಸೂಜಿ ಹಾಕಿಸಿದರೂ ಗಟ್ಟಿ ಯಾಕೆ ಇಳಿಯಲಿಲ್ಲ?

ಯಲಹಂಕದ ಸರ್, ಹಸುವಿಗೆ ಮೂರು ದಿನ ಕ್ರಿಮಿ ಕೊಲ್ಲುವ ಜೆಂಟಾಮೈಸಿನ್ ಸೂಜಿ ಹಾಕಿಸಿದ್ದೀರಿ. ಜ್ವರ ಇಳಿದಿದೆ. ಆದರೆ ಹಿಂದಿನ ಬಲಗಡೆ ಕೆಚ್ಚಲು ಇನ್ನೂ ಕಲ್ಲಿನ ಹಾಗಿದೆ, ಹಾಲಲ್ಲಿ ಗರಣೆ ಬರುತ್ತಿದೆ. ಔಷಧಿ ಡೂಪ್ಲಿಕೇಟಾ ಅಂತ ಕೇಳಿದ್ದೀರಿ. ಇರಲಿಕ್ಕಿಲ್ಲ. ಔಷಧಿ ರಕ್ತಕ್ಕೆ ಸೇರಿದೆ, ಹಾಲಿನ ಕಡೆ ಸರಿಯಾಗಿ ದಾಟಿಲ್ಲ. ನಾನು ಡಾಕ್ಟರಲ್ಲ, ಹೆಸರಘಟ್ಟದ ಹತ್ತಿರ ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಹಸು ಕಟ್ಟಿಕೊಂಡವನು. ಇದೇ ಪೆಟ್ಟು ನಾನೂ ತಿಂದಿದ್ದೇನೆ.

ಮಾಂಸಖಂಡದಂಥ ಕಡೆ ಸಣ್ಣ ರಕ್ತನಾಳದ ಗೋಡೆಯಲ್ಲಿ ಸಂದು ಇರುತ್ತದೆ. ಔಷಧಿ ಅಲ್ಲಿಂದ ಸುಲಭವಾಗಿ ಸೋರಿ ಹೊರಗೆ ಬರುತ್ತದೆ. ಕೆಚ್ಚಲಲ್ಲಿ ಹಾಗಲ್ಲ. ನಾಳದಿಂದ ಹೊರಬಂದ ಮೇಲೂ ಹಾಲು ತಯಾರಿಸುವ ಜೀವಕೋಶಗಳು ಒತ್ತೊತ್ತಾಗಿ ಅಂಟಿ ನಿಂತಿರುತ್ತವೆ. ಆ ಕೋಶದ ಪೊರೆ ಕೊಬ್ಬಿನದು. ಜೆಂಟಾಮೈಸಿನ್, ಸ್ಟ್ರೆಪ್ಟೋಮೈಸಿನ್ ನೀರಲ್ಲಿ ಚೆನ್ನಾಗಿ ಕರಗುತ್ತವೆ, ಕೊಬ್ಬಲ್ಲಿ ಕರಗುವುದಿಲ್ಲ. ಹಾಗಾಗಿ ಬಾಗಿಲಲ್ಲೇ ನಿಲ್ಲುತ್ತವೆ. ಪೆನಿಸಿಲಿನ್ ಸೂಜಿಯದೂ ಹೆಚ್ಚುಕಡಿಮೆ ಇದೇ ಕತೆ.

ಟೈಲೋಸಿನ್ ಅನ್ನುವ ಇನ್ನೊಂದು ಔಷಧಿ ಬೇರೆ ಜಾತಿ, ಅದು ಕೊಬ್ಬಲ್ಲಿ ಕರಗುತ್ತದೆ. ರಕ್ತಕ್ಕಿಂತ ಹಾಲು ಸ್ವಲ್ಪ ಹುಳಿ ಅಲ್ವಾ? ಹುಳಿ ಅಳೆಯುವ ಪಿಎಚ್ ಕಡಿಮೆಯಾದಷ್ಟೂ ಹುಳಿ ಜಾಸ್ತಿ; ರಕ್ತದ ಪಿಎಚ್ 7.4, ಒಳ್ಳೆ ಹಾಲಿನದು 6.6ರ ಆಸುಪಾಸು. ಟೈಲೋಸಿನ್ ಪೊರೆ ದಾಟಿ ಹಾಲಿಗೆ ಬಂದರೆ ಆ ಹುಳಿಗೆ ರೂಪ ಬದಲಾಗಿ ವಾಪಸ್ ಹೋಗಲಾರದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಗಂತ ಮೆಡಿಕಲ್ ಶಾಪಿಗೆ ಓಡಬೇಡಿ. ಎಲ್ಲ ಕ್ರಿಮಿಗೂ ಅದು ನಾಟುವುದಿಲ್ಲ. ಬಾವು ಬಂದಾಗ ಹಾಲಿನ ಹುಳಿಯೂ ಕಡಿಮೆಯಾಗುತ್ತದೆ, ಆ ಲಾಭವೂ ಇಳಿಯುತ್ತದೆ.

ಬಾವಿದ್ದಾಗ ಕೋಶಗಳ ಸಂದು ಸಡಿಲವಾಗಿ ಔಷಧಿ ಸ್ವಲ್ಪ ಜಾಸ್ತಿ ಒಳಗೆ ಬರುವುದೂ ಉಂಟು. ಆದರೆ ಊತಕ್ಕೆ ರಕ್ತನಾಳ ಅದುಮಿಕೊಳ್ಳುತ್ತದೆ, ಗರಣೆ ದಾರಿಗೆ ಅಡ್ಡ ಕೂರುತ್ತದೆ. ಕೀವುಗಡ್ಡೆ ಕಟ್ಟಿದ್ದರಂತೂ ಅದರೊಳಗೆ ರಕ್ತವೇ ಓಡುವುದಿಲ್ಲ, ಔಷಧಿ ಎಲ್ಲಿಂದ ಬರಬೇಕು?

ಅದಕ್ಕೇ ಮೊದಲು ಆ ಕೆಚ್ಚಲನ್ನು ಹಿಂಡಿ ಖಾಲಿ ಮಾಡಿ. ಡಾಕ್ಟರ್ ಹೇಳಿದಷ್ಟು ಸಲ, ಕೊನೇ ಹನಿವರೆಗೂ. ನಾನು ಕಪ್ಪು ಬಟ್ಟೆ ಮೇಲೆ ನಾಲ್ಕು ಧಾರೆ ಹಿಂಡಿ ನೋಡುತ್ತೇನೆ. ಮೊದಲ ದಿನ ಒಡೆದ ಹಾಲಿನ ಚೂರು, ಆಮೇಲೆ ಬರೀ ಎಳೆ, ಆಮೇಲೆ ನೀರು ನೀರು. ಹಿಂಡಿದ ಮೇಲೆ ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಡಾಕ್ಟರ್ ಬರೆದ ಟ್ಯೂಬ್ (ತೊಟ್ಟಿನ ತೂತಿನಿಂದ ಒಳಗೆ ಬಿಡುವ ಔಷಧಿ) ಏರಿಸಬೇಕು. ಸುಮ್ನೆ ಕೊಳಕು ಕೈಯಲ್ಲಿ ಏರಿಸಿದರೆ ಹೊಸ ಕ್ರಿಮಿಯನ್ನು ನಾವೇ ಒಳಗೆ ಕಳಿಸಿದ ಹಾಗೆ. ಔಷಧಿ ಬದಲಾಯಿಸುವ ಮುಂಚೆ ಹಾಲನ್ನು ಕಲ್ಚರ್ ಟೆಸ್ಟಿಗೆ (ಯಾವ ಕ್ರಿಮಿ ಅಂತ ಬೆಳೆಸಿ ನೋಡುವ ಪರೀಕ್ಷೆಗೆ) ಕೊಡಬೇಕಾ ಅಂತಲೂ ಡಾಕ್ಟರನ್ನು ಕೇಳಿ. ಹೆಬ್ಬಾಳದ ವೆಟರ್ನರಿ ಕಾಲೇಜು ನಿಮಗೆ ದೂರವೇನಿಲ್ಲ.

ಇನ್ನೊಂದು. ಒಂದೇ ತೊಟ್ಟಿಗೆ ಟ್ಯೂಬ್ ಹಾಕಿದ್ದೇವೆ, ಮಿಕ್ಕ ಮೂರರ ಹಾಲು ಡೈರಿಗೆ ಹಾಕೋಣ ಅನ್ನಬೇಡಿ. ಕೆಚ್ಚಲಿಂದ ಔಷಧಿ ರಕ್ತಕ್ಕೆ ವಾಪಸ್ ಇಳಿದು ಉಳಿದ ತೊಟ್ಟುಗಳಿಗೂ ಹೋಗುತ್ತದೆ. ಡಬ್ಬದ ಮೇಲೆ ಬರೆದಷ್ಟು ದಿನ ನಾಲ್ಕರದ್ದೂ ಚೆಲ್ಲಬೇಕು. ಕಾಯಿಸಿದರೂ ಔಷಧಿ ಪೂರ್ತಿ ಹೋಗುವುದಿಲ್ಲ. ಹೋದ ವರ್ಷ ನಾನು ಅಂಥ ಹಾಲನ್ನು ಮನೆಗೆ ಅಂತ ಒಂದು ಚೊಂಬು ಇಟ್ಟುಕೊಂಡಿದ್ದೆ. ಅಮ್ಮ ಹೆಪ್ಪು ಹಾಕಿದರು. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗೇ ಇತ್ತು. ಮೊಸರಿನ ಕ್ರಿಮಿಯೇ ಸತ್ತಿತ್ತು.